ಆವರಣದಿಂದ ಊರಿನತ್ತ: ಕನ್ನಡ ಸೀಮೆಯ ಬಾಸೆಲ್ ಮಿಷನ್ ಸಭೆಗಳ ಪರಿವರ್ತನೆ

ಪ್ರಸ್ತಾವನೆ

ಕನ್ನಡ ನಾಡಿನ ಆಧುನಿಕ ಸಾಂಸ್ಕೃತಿಕ ಚರಿತ್ರೆಯಲ್ಲಿ ಬಾಸೆಲ್ ಮಿಷನ್ನಿನ ಹೆಸರು ಮುದ್ರಣ, ಪತ್ರಿಕೆ, ನಿಘಂಟು ಮತ್ತು ಹಂಚಿನ ಉದ್ಯಮಗಳೊಂದಿಗೆ ಬೆಸೆದುಕೊಂಡಿದೆ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ', 1865ರಲ್ಲಿ ಜೆಪ್ಪುವಿನಲ್ಲಿ ಆರಂಭವಾದ ಹಂಚಿನ ಕಾರ್ಖಾನೆ, 1894ರಲ್ಲಿ ಪ್ರಕಟವಾದ ಫರ್ಡಿನೆಂಡ್ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಇವುಗಳ ಬಗೆಗೆ ಸಾಕಷ್ಟು ಅಧ್ಯಯನಗಳು ನಡೆದಿವೆ. ಮಿಷನರಿಗಳ ವೈಯಕ್ತಿಕ ಸಾಧನೆಯನ್ನು ಕುರಿತ ಬರಹಗಳೂ ಹೇರಳವಾಗಿವೆ. ಆದರೆ ಈ ಮಿಷನ್ನಿನಿಂದ ರೂಪುಗೊಂಡ ಸ್ಥಳೀಯ ಕ್ರೈಸ್ತ ಸಮುದಾಯಗಳು, ಅಂದರೆ ಪ್ರಾಟೆಸ್ಟಂಟ್ ಕ್ರೈಸ್ತರು ತಮ್ಮ ಮಾತಿನಲ್ಲಿ 'ಸಭೆ' ಎಂದು ಕರೆಯುವ ಆರಾಧಕ ಸಮೂಹಗಳು, ನಮ್ಮ ಚರಿತ್ರೆಯ ಬರವಣಿಗೆಯಲ್ಲಿ ಬಹುಮಟ್ಟಿಗೆ ಹಿನ್ನೆಲೆಯಲ್ಲಿಯೇ ಉಳಿದಿವೆ.

ಪ್ರಸ್ತುತ ಲೇಖನವು ಆ ಸಭೆಗಳನ್ನು ಕೇಂದ್ರದಲ್ಲಿರಿಸಿಕೊಂಡು ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ. ಸುತ್ತಲಿನ ಸಮಾಜದಿಂದ ಕಡಿದುಕೊಂಡೇ ಹುಟ್ಟಿದ ಒಂದು ಸಮುದಾಯವು ಅದೇ ಸಮಾಜದೊಡನೆ ಮತ್ತೆ ಸಂಬಂಧವನ್ನು ಕಟ್ಟಿಕೊಂಡದ್ದು ಹೇಗೆ? ಈ ಮರುಸಂಬಂಧವು ಯಾರೋ ಒಬ್ಬರು ಯೋಜಿಸಿ ತಂದ ಸುಧಾರಣೆಯ ಫಲವಾಗಿರಲಿಲ್ಲ. ಸಭೆಗೆ ಆಶ್ರಯವಾಗಿದ್ದ ವ್ಯವಸ್ಥೆಗಳು ಒಂದೊಂದಾಗಿ ಕುಸಿದಾಗ ಅಥವಾ ಸಾಲದಾದಾಗ ಸಭೆಯು ಬದಲಾಗಬೇಕಾಯಿತು. ಹಾಗೆ ಬದಲಾಗುವಾಗ ನೆರೆಹೊರೆಯವರೊಡನೆ ಸಮಾನ ನೆಲೆಯಲ್ಲಿ ನಿಲ್ಲಲು ಅದಕ್ಕೆ ನೆರವಾದವು ಶಾಲೆ, ಆಸ್ಪತ್ರೆ ಮತ್ತು ಕನ್ನಡ ಭಾಷೆ. ಇದು ಈ ಲೇಖನದ ಪ್ರತಿಪಾದನೆ. 1834ರಿಂದ ಸುಮಾರು 1970ರವರೆಗಿನ ಅವಧಿಯನ್ನು ಇಲ್ಲಿ ಪ್ರಧಾನವಾಗಿ ಗಮನಿಸಲಾಗಿದೆ.

ಸಭೆಯ ಹುಟ್ಟು: ಊರಿನಿಂದ ಕಡಿದುಕೊಂಡ ಬದುಕು

1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಯಾದ ಈ ಮಿಷನ್ನಿಗೆ ಭಾರತದಲ್ಲಿ ಕೆಲಸ ಮಾಡುವ ಅವಕಾಶ ದೊರೆತದ್ದು 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನದು ನವೀಕರಣಗೊಂಡ ಬಳಿಕ. 1834ರ ಅಕ್ಟೋಬರಿನಲ್ಲಿ ಸ್ಯಾಮ್ಯುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಅಲ್ಲಿಂದ ಮುಂದೆ ಧಾರವಾಡ (1837), ಹುಬ್ಬಳ್ಳಿ (1839), ಬೆಟಗೇರಿ (1841) ಮೊದಲಾದೆಡೆಗಳಲ್ಲಿ ಕೇಂದ್ರಗಳು ತಲೆಯೆತ್ತಿದವು. ಕರಾವಳಿಯಲ್ಲಿ ಮೂಲ್ಕಿ, ಉಡುಪಿಗಳ ಸುತ್ತಮುತ್ತ ಚಿಕ್ಕಪುಟ್ಟ ಸಭೆಗಳು ರೂಪುಗೊಂಡವು.

ಕರಾವಳಿಯ ಸಭೆಗಳಿಗೆ ಸೇರಿದವರಲ್ಲಿ ತುಳು ಮಾತನಾಡುವ ಬಿಲ್ಲವರ ಸಂಖ್ಯೆಯೇ ಅಧಿಕ. ಇವರಲ್ಲಿ ಅನೇಕರು ಮೂರ್ತೆ ಕಸುಬಿನವರು ಮತ್ತು ಗೇಣಿ ಒಕ್ಕಲುಗಳು. ದೀಕ್ಷಾಸ್ನಾನದಿಂದ ಇವರ ಬದುಕಿನಲ್ಲಿ ಉಂಟಾದ ಪಲ್ಲಟವನ್ನು ಕೇವಲ ಧಾರ್ಮಿಕ ನಂಬಿಕೆಯ ಬದಲಾವಣೆ ಎಂದು ಗ್ರಹಿಸಿದರೆ ಅದರ ಅರ್ಧಭಾಗವಷ್ಟೇ ತಿಳಿದಂತಾಗುತ್ತದೆ. ಮೊದಲನೆಯದಾಗಿ, ಹೆಂಡ ಇಳಿಸುವ ಕಸುಬನ್ನು ಮಿಷನ್ ಒಪ್ಪಲಿಲ್ಲ. ಕ್ರೈಸ್ತನಾದವನು ಕುಲಕಸುಬನ್ನು ಬಿಡಬೇಕಾಗುತ್ತಿತ್ತು. ಎರಡನೆಯದಾಗಿ, ಜಾತಿಯಿಂದ ಹೊರಬಿದ್ದವನಿಗೆ ಗೇಣಿ ಭೂಮಿ ಉಳಿಯುವ ಖಾತ್ರಿ ಇರಲಿಲ್ಲ; ಅಳಿಯಸಂತಾನ ಪದ್ಧತಿಯ ಕೂಡುಕುಟುಂಬದಲ್ಲಿ ಅವನ ಸ್ಥಾನವೂ ಅತಂತ್ರವಾಗುತ್ತಿತ್ತು. ಮತಾಂತರ ಅಥವಾ ಜಾತಿಭ್ರಷ್ಟತೆಯ ಕಾರಣದಿಂದ ವಾರಸು ಹಕ್ಕು ನಷ್ಟವಾಗಬಾರದೆಂಬ ಶಾಸನವು 1850ರಲ್ಲಿ ಬಂದಿತಾದರೂ, ಕಾಯಿದೆ ಕೊಟ್ಟ ಹಕ್ಕನ್ನು ಊರು ಸುಲಭವಾಗಿ ಕೊಡುತ್ತಿರಲಿಲ್ಲ. ಮೂರನೆಯದಾಗಿ, ಭೂತಾರಾಧನೆಯ ಸುತ್ತ ಹೆಣೆದುಕೊಂಡಿದ್ದ ಊರಿನ ಕೂಡುಬಾಳಿನಲ್ಲಿ, ಅಂದರೆ ನೇಮ, ಕೋಲಗಳ ವೆಚ್ಚದಲ್ಲಿ ಪಾಲು, ಕೆಲಸದಲ್ಲಿ ಪಾಲು, ಪ್ರಸಾದದಲ್ಲಿ ಪಾಲು ಎಂಬ ಪರಸ್ಪರತೆಯಲ್ಲಿ, ಅವನಿಗೆ ಇನ್ನು ಎಡೆ ಇರಲಿಲ್ಲ.

ಮೇಲ್ಜಾತಿಗಳಿಂದ ಬಂದವರು ವಿರಳ. ಆದರೆ ಅವರ ಪ್ರಕರಣಗಳು ನಗರವನ್ನು ಹೆಚ್ಚು ಕಲಕಿದವು. ಮೊಗ್ಲಿಂಗರ ಶಾಲೆಯ ವಿದ್ಯಾರ್ಥಿಯಾಗಿದ್ದ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಕ್ಷೋಭೆಯೇ ಎದ್ದಿತು. ಬಾಸೆಲಿನಲ್ಲಿ ವ್ಯಾಸಂಗ ಮಾಡಿ 1851ರಲ್ಲಿ ಅಭಿಷಿಕ್ತ ಬೋಧಕರಾಗಿ ಹಿಂದಿರುಗಿದ ಹರ್ಮನ್ ಆನಂದರಾವ್ ಕೌಂಡಿನ್ಯರು ಮಿಷನ್ನಿನ ಮೊದಲ ಭಾರತೀಯ ಬೋಧಕರೆನಿಸಿದರು. ಬಡ ಬಿಲ್ಲವನಾಗಲಿ ವಿದ್ಯಾವಂತ ಬ್ರಾಹ್ಮಣನಾಗಲಿ ಸಭೆಗೆ ಬಂದವನು ಊರನ್ನು ಬಿಟ್ಟೇ ಬರಬೇಕಾಗಿತ್ತು ಎಂಬ ಅಂಶವು ಇಬ್ಬರಿಗೂ ಸಮಾನವಾಗಿತ್ತು. ಉತ್ತರ ಕರ್ನಾಟಕದ ಸ್ಥಿತಿ ಸ್ವಲ್ಪ ಭಿನ್ನ. ಅಲ್ಲಿ ಸೇರಿದವರ ಸಂಖ್ಯೆ ಕಡಿಮೆ. 1876-78ರ ಭೀಕರ ಬರಗಾಲದಲ್ಲಿ ಮಿಷನ್ನಿನ ಅನಾಥಾಲಯಗಳಲ್ಲಿ ಬೆಳೆದ ಮಕ್ಕಳು ಮುಂದೆ ಅಲ್ಲಿನ ಸಭೆಗಳ ಒಂದು ಮುಖ್ಯ ಭಾಗವಾದರು. ಅಂಥವರಿಗೆ ಹಿಂದಿರುಗಲು ಊರೇ ಉಳಿದಿರಲಿಲ್ಲ.

ಆವರಣ: ಆಶ್ರಯ ಮತ್ತು ಅವಲಂಬನೆ

ಹೀಗೆ ಬಂದವರಿಗೆ ಅನ್ನ, ವಸತಿ, ಕೆಲಸಗಳನ್ನು ಒದಗಿಸುವ ಹೊಣೆ ಮಿಷನ್ನಿನ ಮೇಲೆ ಬಿದ್ದಿತು. ಮೊದಮೊದಲು ಬೇಸಾಯ ಮತ್ತು ಹಲವು ಕೈಕಸುಬುಗಳ ಪ್ರಯೋಗಗಳು ನಡೆದು, ಕೆಲವು ಕೈಕೊಟ್ಟವು. ನೇಕಾರಿಕೆ ಮತ್ತು ಹಂಚಿನ ತಯಾರಿಕೆಗಳು ನೆಲೆಯೂರಿದವು. 1851ರಲ್ಲಿ ಬಂದ ನೇಕಾರ ಜಾನ್ ಹಾಲರ್ ಬಲ್ಮಠದ ನೇಯ್ಗೆ ಶಾಲೆಯನ್ನು ವ್ಯವಸ್ಥಿತಗೊಳಿಸಿದರು. ಖಾಕಿ ಬಣ್ಣದ ಬಟ್ಟೆಯ ಖ್ಯಾತಿ ಇವರ ಹೆಸರಿನೊಂದಿಗೆ ಸೇರಿಕೊಂಡಿದೆ. ಮುದ್ರಣಾಲಯದ ಹೊಣೆ ಹೊತ್ತಿದ್ದ ಜಾರ್ಜ್ ಪ್ಲೆಬ್ಸ್ಟ್ ಅವರು ಸ್ಥಳೀಯ ಆವೆಮಣ್ಣನ್ನು ಪರೀಕ್ಷಿಸಿ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಮುಂದಿನ ನಾಲ್ಕು ದಶಕಗಳಲ್ಲಿ ಕುದ್ರೋಳಿ, ಮಲ್ಪೆ ಹಾಗೂ ಮಲಬಾರಿನ ಕೇಂದ್ರಗಳೂ ಸೇರಿ ಏಳು ಹಂಚಿನ ಕಾರ್ಖಾನೆಗಳು ಮಿಷನ್ನಿನ ವಶದಲ್ಲಿದ್ದವು. ವ್ಯಾಪಾರದ ವ್ಯವಹಾರಗಳಿಗಾಗಿ 1859ರಲ್ಲಿಯೇ ಪ್ರತ್ಯೇಕ ಕಂಪನಿಯೊಂದು ಸ್ಥಾಪಿತವಾಗಿತ್ತು.

ಈ ಉದ್ಯಮಗಳ ಆರ್ಥಿಕ ಮಹತ್ವ ಸುವಿದಿತ. ಸಭೆಯ ದೃಷ್ಟಿಯಿಂದ ನೋಡಿದಾಗ ಇವುಗಳ ಪರಿಣಾಮ ಎರಡು ಬಗೆಯದು. ಒಂದು ಕಡೆ, ಜಾತಿಯೊಡನೆ ಕಸುಬು ಅಂಟಿಕೊಂಡಿದ್ದ ಸಮಾಜದಲ್ಲಿ ಜಾತಿಯ ಹಂಗಿಲ್ಲದ ದುಡಿಮೆ, ನಿಗದಿತ ಕೂಲಿ, ಹೊಸ ಕೌಶಲ ಇವು ಹಿಂದುಳಿದವರಿಗೆ ದೊರೆತವು. ಹೆಣ್ಣುಮಕ್ಕಳು ಅಕ್ಷರ ಕಲಿತರು. ಬೇರೆ ಬೇರೆ ಜಾತಿಗಳಿಂದ ಬಂದವರು ಒಂದೇ ಪಂಕ್ತಿಯಲ್ಲಿ ಪ್ರಭುಭೋಜನ ಸಂಸ್ಕಾರದಲ್ಲಿ ಪಾಲ್ಗೊಂಡರು. ಅಂದಿನ ತುಳುನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಇನ್ನೊಂದು ಕಡೆ, ಒಂದೇ ಸಂಸ್ಥೆಯು ಬೋಧಕನೂ ಧಣಿಯೂ ನ್ಯಾಯಾಧೀಶನೂ ಆದ ಪರಿಸ್ಥಿತಿ ಏರ್ಪಟ್ಟಿತು. ಭಾನುವಾರ ಪ್ರಸಂಗ ಮಾಡುವ ಮಿಷನ್ನೇ ಸೋಮವಾರ ಕೂಲಿ ಕೊಡುತ್ತಿತ್ತು, ವಾಸದ ಮನೆಯ ನೆಲವೂ ಅದರದೇ ಆಗಿತ್ತು. ಕುಡಿತ, ಮದುವೆ, ಸಾಲ, ಹಬ್ಬದಾಚರಣೆ ಮೊದಲಾದ ವಿಷಯಗಳಲ್ಲಿ ಸಭಾಶಿಸ್ತನ್ನು ಮೀರಿದವನಿಗೆ ಸಂಸ್ಕಾರದಿಂದ ಹೊರಗಿಡುವ ಶಿಕ್ಷೆಯ ಜೊತೆಗೆ ಜೀವನೋಪಾಯದ ಆತಂಕವೂ ಕಾದಿರುತ್ತಿತ್ತು. ಸಭಾಹಿರಿಯರ ಮಂಡಳಿಗಳಿದ್ದರೂ ಕೊನೆಯ ಮಾತು ಯುರೋಪಿಯನ್ ಮಿಷನರಿಯದೇ ಆಗಿತ್ತು. ಊರಿನ ಧಣಿಯ ಹಂಗಿನಿಂದ ಬಿಡಿಸಿಕೊಂಡವರು ಮತ್ತೊಂದು ಹಂಗಿಗೆ ಒಳಗಾದರು ಎಂಬ ಟೀಕೆಯಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಅವಲಂಬನೆಯಿಂದ ಸಭೆಗಳು ತಮ್ಮ ಕಾಲ ಮೇಲೆ ನಿಲ್ಲಲಾರವು ಎಂಬ ಚಿಂತೆ ಮಿಷನ್ನಿನ ಒಳಗೂ ಇದ್ದಿತು. ಉದ್ಯಮಗಳನ್ನು ಸುವಾರ್ತಾ ಕಾರ್ಯದಿಂದ ಬೇರ್ಪಡಿಸಿ ಕಂಪನಿಯ ಆಡಳಿತಕ್ಕೆ ಒಪ್ಪಿಸಿದ ಕ್ರಮಕ್ಕೆ ಇದೂ ಒಂದು ಹಿನ್ನೆಲೆ.

ಮುದ್ರಣಾಲಯ ಮತ್ತು ದೇವಾಲಯ

ಇದೇ ಕಾಲದ ಒಂದು ವೈರುಧ್ಯವನ್ನು ಇಲ್ಲಿ ಗಮನಿಸುವುದು ಅವಶ್ಯ. 1841ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ಬಾಸೆಲ್ ಮಿಷನ್ ಮುದ್ರಣಾಲಯವು ಆರಂಭದಿಂದಲೂ ಊರಿನ ಕಡೆಗೆ ಮುಖಮಾಡಿತ್ತು. 'ಮಂಗಳೂರ ಸಮಾಚಾರ'ದಲ್ಲಿ ಊರ ವರ್ತಮಾನ, ಸರಕಾರಿ ನಿರೂಪಗಳು, ಕಥೆಗಳು ಸೇರಿದ್ದವು. ಅದರ ಓದುಗರು ಕ್ರೈಸ್ತರಷ್ಟೇ ಆಗಿರಲಿಲ್ಲ. ಮೊಗ್ಲಿಂಗರು 'ಬಿಬ್ಲಿಯೊಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದ ಕೃತಿಗಳನ್ನು ಮುದ್ರಿಸಿದರು. ತುಳುವಿನ ವಿಷಯದಲ್ಲಿಯೂ ಹೀಗೆಯೇ: ಬ್ರಿಗೆಲರ ವ್ಯಾಕರಣ (1872), ಮೆನ್ನರರ ನಿಘಂಟು (1886), ಪಾಡ್ದನಗಳ ಸಂಗ್ರಹ ಇವು ಆ ಮುದ್ರಣಾಲಯದ ಕೊಡುಗೆಗಳು.

ಆದರೆ ಮುದ್ರಣಾಲಯದಲ್ಲಿ ಅಚ್ಚಾಗುತ್ತಿದ್ದ ಈ ಸಂಪತ್ತು ಸಮೀಪದ ದೇವಾಲಯದೊಳಗೆ ಪ್ರವೇಶ ಪಡೆಯಲಿಲ್ಲ. ಪಾಡ್ದನವನ್ನು ಸಂಗ್ರಹಿಸಿ ಪ್ರಕಟಿಸಿದ ಮಿಷನ್ನೇ ಅದನ್ನು ಹಾಡುತ್ತಿದ್ದವರು ಸಭೆಗೆ ಬಂದ ಮೇಲೆ ಹಾಡುವುದನ್ನು ನಿಲ್ಲಿಸಬೇಕೆಂದು ಅಪೇಕ್ಷಿಸಿತು. ಆರಾಧನೆಯಲ್ಲಿ ಜರ್ಮನ್ ಕೀರ್ತನೆಗಳ ಧಾಟಿಗೆ ಹೊಂದಿಸಿದ ಕನ್ನಡ, ತುಳು ಪದ್ಯಗಳು ಬಳಕೆಗೆ ಬಂದವು. ಕಿಟ್ಟೆಲರು 1862ರಲ್ಲಿ 'ಕಥಾಮಾಲೆ'ಯನ್ನು ರಚಿಸಿ ಕ್ರಿಸ್ತಚರಿತೆಯನ್ನು ಕನ್ನಡ ಛಂದಸ್ಸಿಗೆ ತಂದರು. ಇಂಥ ಪ್ರಯತ್ನಗಳು ಆರಾಧನೆಯ ರೂಢಿಯನ್ನು ಬದಲಿಸುವಷ್ಟು ವ್ಯಾಪಕವಾಗಲಿಲ್ಲ. ಹೀಗಾಗಿ ಮಿಷನರಿಗಳು ಕನ್ನಡ ಸಂಸ್ಕೃತಿಯ ವಿದ್ಯಾರ್ಥಿಗಳಾಗುತ್ತ ಹೋದಂತೆ, ಅವರ ಸಭಿಕರು ಅದೇ ಸಂಸ್ಕೃತಿಯ ಜೀವಂತ ರೂಪಗಳಿಂದ ದೂರವಾಗುತ್ತ ಹೋದರು. ಪೂರ್ವದ ಬದುಕಿಗೆ ಹಿಂದಿರುಗಿಬಿಟ್ಟಾರೆಂಬ ಭಯವು ಮಿಷನ್ನಿಗೆ ಇದ್ದುದರಿಂದ ಈ ನಿರ್ಬಂಧ ಅರ್ಥವಾಗದ್ದೇನಲ್ಲ. ಆದರೆ ಅದರ ಬೆಲೆಯನ್ನು ತೆತ್ತವರು ಸಭಿಕರು. ನೆರೆಯವರ ಕಣ್ಣಿಗೆ ಅವರು ತಮ್ಮದೇ ಊರಿನಲ್ಲಿ ಪರಕೀಯರಾಗಿ ಕಾಣತೊಡಗಿದರು.

ಸುತ್ತಲಿನ ಸಮಾಜದ ಚಲನೆ

ಸಭೆಯು ಆವರಣದೊಳಗಿದ್ದಾಗ ಹೊರಗಿನ ಸಮಾಜ ಸ್ಥಗಿತವಾಗಿರಲಿಲ್ಲ. ಈ ಅಂಶವನ್ನು ಮಿಷನ್ ಚರಿತ್ರೆಗಳು ಹಲವೊಮ್ಮೆ ಕಡೆಗಣಿಸುತ್ತವೆ. 1870ರ ಸುಮಾರಿಗೆ ಅರಸಪ್ಪ ಎಂಬ ಬಿಲ್ಲವ ಮುಂದಾಳು ತಮ್ಮ ಸಮುದಾಯಕ್ಕೆ ಗೌರವದ ಬದುಕನ್ನು ಅರಸಿ ಬ್ರಹ್ಮಸಮಾಜದ ಕಡೆಗೆ ನೋಡಿದರು. ಉಳ್ಳಾಲ ರಘುನಾಥಯ್ಯನವರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ಬ್ರಹ್ಮಸಮಾಜ ನೆಲೆಗೊಂಡಿತಾದರೂ ಬಿಲ್ಲವರ ಸಾಮೂಹಿಕ ಸೇರ್ಪಡೆ ನೆರವೇರಲಿಲ್ಲ. ಆ ಬಳಗದ ಹಲವರು ಮುಂದೆ ಬಾಸೆಲ್ ಮಿಷನ್ ಸಭೆಗಳಿಗೆ ಬಂದರು. ಸಭೆಗೆ ಬಂದವರನ್ನು ಪ್ರೇರಿಸಿದ್ದು ಮಿಷನರಿಯ ಪ್ರಸಂಗವೊಂದೇ ಅಲ್ಲ, ತಮ್ಮ ಸ್ಥಿತಿಯನ್ನು ಬದಲಿಸಿಕೊಳ್ಳಬೇಕೆಂಬ ಅವರದೇ ತುಡಿತ ಎಂಬುದಕ್ಕೆ ಈ ಘಟನೆ ಸಾಕ್ಷಿ.

1897ರಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತೋದ್ಧಾರದ ಸಂಸ್ಥೆಯನ್ನು ಸ್ಥಾಪಿಸಿ ಅಸ್ಪೃಶ್ಯರಿಗೆ ಶಾಲೆ, ಕಸುಬು ಶಿಕ್ಷಣ, ವಸತಿಗಳನ್ನು ಒದಗಿಸಲು ತೊಡಗಿದರು. 1912ರಲ್ಲಿ ನಾರಾಯಣ ಗುರುಗಳು ಕುದ್ರೋಳಿಯಲ್ಲಿ ಗೋಕರ್ಣನಾಥ ದೇವಾಲಯವನ್ನು ಪ್ರತಿಷ್ಠಾಪಿಸಿದ ಮೇಲೆ ಬಿಲ್ಲವರಿಗೆ ತಮ್ಮ ಧರ್ಮದ ಚೌಕಟ್ಟಿನೊಳಗೇ ಆತ್ಮಗೌರವದ ಒಂದು ದಾರಿ ತೆರೆಯಿತು. ಇದರಿಂದ ಸಭೆಯ ಮುಂದೆ ಹೊಸ ಪ್ರಶ್ನೆಯೊಂದು ಎದ್ದಿತು. ಇದುವರೆಗೆ ಹಿಂದುಳಿದವರಿಗೆ ಶಾಲೆ, ಕಸುಬು, ಮಾನ ಇವುಗಳನ್ನು ತಾನೇ ಕೊಡುತ್ತೇನೆಂದು ನಂಬಿದ್ದ ಸಮುದಾಯವು, ಅದೇ ಕೆಲಸವನ್ನು ಇತರರೂ ಮಾಡತೊಡಗಿದಾಗ ತನ್ನ ಪಾತ್ರವೇನೆಂದು ಕೇಳಿಕೊಳ್ಳಬೇಕಾಯಿತು. ಹಂಚಿನ ಉದ್ಯಮವೂ ಮಿಷನ್ನಿನ ಏಕಸ್ವಾಮ್ಯವಾಗಿ ಉಳಿಯಲಿಲ್ಲ. ನೇತ್ರಾವತಿ, ಗುರುಪುರ ನದಿಗಳ ದಂಡೆಯಲ್ಲಿ ಸ್ಥಳೀಯ ಉದ್ಯಮಿಗಳ ಕಾರ್ಖಾನೆಗಳು ಎದ್ದವು. ಕ್ರೈಸ್ತ ಕೆಲಸಗಾರನೂ ಇತರ ಧರ್ಮಗಳ ಕೆಲಸಗಾರನೂ ಒಂದೇ ಕೆಲಸದ ಪೇಟೆಯಲ್ಲಿ ಎದುರುಬದುರಾದರು.

1914ರ ನಂತರ: ಆಶ್ರಯದ ಕುಸಿತ

ಸಭೆಗಳ ಚರಿತ್ರೆಯಲ್ಲಿ ನಿರ್ಣಾಯಕ ತಿರುವನ್ನು ತಂದದ್ದು ಮೊದಲನೆಯ ಮಹಾಯುದ್ಧ. ಮಿಷನ್ನಿನ ಕೇಂದ್ರವು ಸ್ವಿಟ್ಜರ್ಲೆಂಡಿನಲ್ಲಿದ್ದರೂ ಮಿಷನರಿಗಳಲ್ಲಿ ಬಹುಪಾಲು ಜನ ಜರ್ಮನರು. 1914ರಲ್ಲಿ ಯುದ್ಧ ಆರಂಭವಾದಂತೆ ಬ್ರಿಟಿಷ್ ಸರಕಾರದ ದೃಷ್ಟಿಯಲ್ಲಿ ಅವರು ಶತ್ರುರಾಷ್ಟ್ರದ ಪ್ರಜೆಗಳಾದರು. ಹಲವರು ಬಂಧನ ಶಿಬಿರಗಳಿಗೆ, ಅಲ್ಲಿಂದ ತಾಯ್ನಾಡಿಗೆ ಕಳುಹಿಸಲ್ಪಟ್ಟರು. ಕಾರ್ಖಾನೆಗಳನ್ನೂ ವ್ಯಾಪಾರವನ್ನೂ ಸರಕಾರ ವಶಪಡಿಸಿಕೊಂಡಿತು. ಯುದ್ಧಾನಂತರ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಸಂಸ್ಥೆಗೆ ಹೋದವು. ಎಂಬತ್ತು ವರ್ಷಗಳ ಕಾಲ ಬೋಧಕ, ಧಣಿ, ಪೋಷಕನಾಗಿದ್ದ ವ್ಯವಸ್ಥೆಯು ಕೆಲವೇ ವರ್ಷಗಳಲ್ಲಿ ಸಭೆಯ ಮೇಲಿನಿಂದ ಸರಿದುಹೋಯಿತು.

ಇದರ ಪರಿಣಾಮಗಳು ದೂರಗಾಮಿಯಾದವು. ಸಭೆಗಳ ದೈನಂದಿನ ಹೊಣೆ ಭಾರತೀಯ ಬೋಧಕರು, ಉಪದೇಶಿಗಳು ಮತ್ತು ಸಭಾಹಿರಿಯರ ಹೆಗಲಿಗೆ ಬಂದಿತು. ಬೋಧಕರ ಸಂಬಳಕ್ಕೆ, ದೇವಾಲಯದ ರಿಪೇರಿಗೆ ಸಭಿಕರ ಕಾಣಿಕೆಯೇ ಮುಖ್ಯ ಆಧಾರವಾಗಬೇಕೆಂಬುದು ಇದುವರೆಗೆ ಉಪದೇಶವಾಗಿತ್ತು, ಈಗ ಅನಿವಾರ್ಯವಾಯಿತು. ಕಾರ್ಖಾನೆಯಲ್ಲಿ ಉಳಿದವರು ಇನ್ನು ಮಿಷನ್ನಿನ ಮಕ್ಕಳಲ್ಲ, ವಾಣಿಜ್ಯ ಸಂಸ್ಥೆಯೊಂದರ ಕೂಲಿಕಾರರು. ಮುಂದಿನ ದಶಕಗಳಲ್ಲಿ ಮಂಗಳೂರಿನ ಹಂಚಿನ ಕಾರ್ಮಿಕರು ಸಂಘ ಕಟ್ಟಿಕೊಂಡಾಗ ಧರ್ಮಭೇದವಿಲ್ಲದೆ ಕೂಡಿದ್ದು ಈ ಬದಲಾದ ಸ್ಥಿತಿಯ ಸಹಜ ಪರಿಣಾಮ. ಊರಿನೊಡನೆ ಕಳೆದುಹೋಗಿದ್ದ ಕೊಂಡಿಯೊಂದು ದುಡಿಮೆಯ ನೆಲೆಯಲ್ಲಿ ಮತ್ತೆ ಕೂಡಿಕೊಂಡಿತು.

ಇದೇ ಅವಧಿಯಲ್ಲಿ ಸೇವಾಸಂಸ್ಥೆಗಳ ಸ್ವರೂಪವೂ ಮಾರ್ಪಟ್ಟಿತು. ಗದಗ-ಬೆಟಗೇರಿಯಲ್ಲಿ 20ನೆಯ ಶತಮಾನದ ಆರಂಭದಿಂದಲೇ ವೈದ್ಯಕೀಯ ಸೇವೆ ನೆಲೆಗೊಂಡಿತ್ತು. 1923ರಲ್ಲಿ ಸ್ವಿಸ್ ವೈದ್ಯೆ ಡಾ. ಎವಾ ಲೊಂಬಾರ್ಡ್ ಉಡುಪಿಯಲ್ಲಿ ಆರಂಭಿಸಿದ ಆಸ್ಪತ್ರೆ ಮುಂದೆ ಅವರ ಮನೆತನದ ಹೆಸರಿನಿಂದಲೇ ಪ್ರಸಿದ್ಧವಾಯಿತು. ಮಠಗಳ ಊರಾದ ಉಡುಪಿಯಲ್ಲಿ ಎಲ್ಲ ಜಾತಿಗಳ ಹೆಣ್ಣುಮಕ್ಕಳು ಹೆರಿಗೆಗೆ ಬರುವ ಸ್ಥಳವಾಗಿ ಅದು ಬೆಳೆದುದು ಗಮನಾರ್ಹ. ಕಾರ್ಖಾನೆ ಮತ್ತು ಆಸ್ಪತ್ರೆಗಳ ನಡುವಣ ವ್ಯತ್ಯಾಸವನ್ನು ಇಲ್ಲಿ ಗುರುತಿಸಬೇಕು. ಕಾರ್ಖಾನೆಯು ಹುಟ್ಟಿಕೊಂಡಿದ್ದು ಸಭೆಯ ಒಳಗಿನವರಿಗೆ ಅನ್ನ ಕೊಡಲಿಕ್ಕೆ. ಆಸ್ಪತ್ರೆಗೆ ಬರುವವರಲ್ಲಿ ಹೆಚ್ಚಿನವರು ಹೊರಗಿನವರು. ರೋಗಿಯಾಗಿ ಬಂದವನು ಮತಾಂತರದ ಷರತ್ತಿಲ್ಲದೆ ಬಂದು ಗುಣಮುಖನಾಗಿ ತನ್ನ ಮನೆಗೆ ಹಿಂದಿರುಗುತ್ತಿದ್ದನು. 1838ರಲ್ಲಿಯೇ ಮಂಗಳೂರಿನಲ್ಲಿ ಇಂಗ್ಲಿಷ್ ಶಾಲೆಯಿಂದ ಆರಂಭಗೊಂಡ ಶಿಕ್ಷಣ ಪರಂಪರೆಯೂ ಇಂಥದೇ. ಮಂಗಳೂರು, ಧಾರವಾಡಗಳ ಬಾಸೆಲ್ ಮಿಷನ್ ಶಾಲೆಗಳ ವಿದ್ಯಾರ್ಥಿಗಳಲ್ಲಿ ಬಹುಸಂಖ್ಯಾತರು ಕ್ರೈಸ್ತೇತರರು. ಅಲ್ಲಿ ಕಲಿಸುತ್ತಿದ್ದ ಸಭೆಯ ಮಾಸ್ತರರೂ ಶುಶ್ರೂಷೆ ಮಾಡುತ್ತಿದ್ದ ಸಭೆಯ ನರ್ಸುಗಳೂ ಊರಿನ ಜನರಿಗೆ ಬೇಕಾದವರಾದರು. ಎಂಬತ್ತು ವರ್ಷಗಳ ಪ್ರಸಂಗಗಳಿಂದ ದೊರೆಯದ ಸ್ವೀಕಾರ ಇವರ ಮೂಲಕ ಸಭೆಗೆ ದೊರೆಯಿತು.

ಉತ್ತಂಗಿ ಚನ್ನಪ್ಪನವರು: ಭಾಷೆಯ ದಾರಿ

ಸಭೆ ಮತ್ತು ಊರಿನ ನಡುವಣ ಸಾಂಸ್ಕೃತಿಕ ಬಿರುಕನ್ನು ತುಂಬುವ ಅತ್ಯಂತ ಮಹತ್ವದ ಪ್ರಯತ್ನ ನಡೆದದ್ದು ಉತ್ತರ ಕರ್ನಾಟಕದಲ್ಲಿ. ಬಾಸೆಲ್ ಮಿಷನ್ ಸಭೆಯ ಬೋಧಕರಾಗಿದ್ದ ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881-1962) ಹಳ್ಳಿಗಳಲ್ಲಿ ಸೇವೆ ಸಲ್ಲಿಸುತ್ತ, ಜನರ ಬಾಯಲ್ಲಿಯೂ ಹಸ್ತಪ್ರತಿಗಳಲ್ಲಿಯೂ ಚದುರಿಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ವರ್ಷಗಟ್ಟಲೆ ಸಂಗ್ರಹಿಸಿ, ಪರಿಶೋಧಿಸಿ, 1924ರಲ್ಲಿ ಪ್ರಕಟಿಸಿದರು. ಸರ್ವಜ್ಞನ ಅಧ್ಯಯನಕ್ಕೆ ಇಂದಿಗೂ ಅದು ಬುನಾದಿ ಗ್ರಂಥ. ಬಳಿಕ ಅವರು ವಚನಸಾಹಿತ್ಯದ ಕಡೆಗೆ ತಿರುಗಿ, ಅನುಭವ ಮಂಟಪದ ಐತಿಹಾಸಿಕತೆಯ ಚರ್ಚೆಯಲ್ಲಿ ಪ್ರಮುಖವಾಗಿ ಪಾಲ್ಗೊಂಡರು. ಬಸವಣ್ಣನವರ ಅಸ್ಪೃಶ್ಯತಾ ವಿರೋಧವನ್ನು ಕುರಿತೂ ಬರೆದರು. 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಎಂಬ ಅವರ ಕೃತಿಯ ಹೆಸರೇ ಅವರ ನಿಲುವನ್ನು ಸೂಚಿಸುತ್ತದೆ. ಬೆತ್ಲೆಹೇಮು ಬನಾರಸಿಗೆ ಅಪ್ಪಣೆ ಕೊಡುತ್ತಿಲ್ಲ, ವಿನಂತಿ ಮಾಡಿಕೊಳ್ಳುತ್ತಿದೆ.

ಮೊಗ್ಲಿಂಗ್, ಕಿಟ್ಟೆಲರ ಕನ್ನಡ ಕೆಲಸಕ್ಕೂ ಉತ್ತಂಗಿಯವರ ಕೆಲಸಕ್ಕೂ ಒಂದು ಮೂಲಭೂತ ಅಂತರವಿದೆ. ಮಿಷನರಿ ವಿದ್ವಾಂಸರಿಗೆ ಕನ್ನಡ ಸಾಹಿತ್ಯವು ಅರಿಯಬೇಕಾದ ಹೊರಗಿನ ವಸ್ತು. ಅವರ ವಿದ್ವತ್ತು ಎಷ್ಟೇ ಶ್ರದ್ಧೆಯದಾಗಿದ್ದರೂ ಈ ನೆಲೆ ಬದಲಾಗುವಂತಿರಲಿಲ್ಲ. ಉತ್ತಂಗಿಯವರಿಗೆ ಸರ್ವಜ್ಞನೂ ಬಸವಣ್ಣನೂ ತಮ್ಮ ಸ್ವಂತ ಪರಂಪರೆ. ಕ್ರೈಸ್ತನಾಗಿರುವುದಕ್ಕಾಗಿ ಆ ಪರಂಪರೆಯನ್ನು ಬಿಡಬೇಕಾಗಿಲ್ಲವೆಂದು ಅವರು ತಮ್ಮ ಬಾಳಿನಿಂದ ತೋರಿಸಿದರು. ಹೈದರಾಬಾದ್ ಸಂಸ್ಥಾನವು 1948ರಲ್ಲಿ ಭಾರತದಲ್ಲಿ ವಿಲೀನಗೊಂಡ ಮರುವರ್ಷ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠಕ್ಕೆ ಕನ್ನಡಿಗರು ಆರಿಸಿದ್ದು ಈ ಕ್ರೈಸ್ತ ಬೋಧಕರನ್ನು. ಒಂದು ಶತಮಾನದ ಹಿಂದೆ ಊರಿನಿಂದ ಹೊರಗೆ ನಿಂತಿದ್ದ ಸಭೆಯ ಪ್ರತಿನಿಧಿಯೊಬ್ಬರನ್ನು ನಾಡು ತನ್ನ ಮುಂದಿನ ಸಾಲಿನಲ್ಲಿ ಕೂರಿಸಿತು. ಆದಾಗ್ಯೂ ಸಭೆಯ ಒಳಗೆ ಇಂಥ ಬೋಧಕರು ಅಪವಾದವಾಗಿಯೇ ಇದ್ದರು ಎಂಬುದನ್ನು ಮರೆಯುವಂತಿಲ್ಲ. ಅವರ ವಿದ್ವತ್ತನ್ನು ಕುರಿತು ಹೆಮ್ಮೆಪಟ್ಟಷ್ಟು ಸುಲಭವಾಗಿ ಅವರ ದೃಷ್ಟಿಯನ್ನು ಆರಾಧನೆಗೂ ಬೋಧನೆಗೂ ತಂದುಕೊಳ್ಳುವುದು ಸಭೆಗಳಿಗೆ ಸಾಧ್ಯವಾಗಲಿಲ್ಲ.

ಐಕ್ಯ ಮತ್ತು ಸಂವಾದ

ಸಭೆಯ ಆಡಳಿತದ ನೆಲೆಯಲ್ಲಿ ಬದಲಾವಣೆಯು ಐಕ್ಯ ಚಳವಳಿಯ ರೂಪದಲ್ಲಿ ಬಂದಿತು. 1919ರ ಮೇ ತಿಂಗಳಿನಲ್ಲಿ ತರಂಗಂಬಾಡಿಯಲ್ಲಿ ಸೇರಿದ ಬೋಧಕರು, ಅವರಲ್ಲಿ ಬಹುತೇಕ ಎಲ್ಲರೂ ಭಾರತೀಯರು, ಪಾಶ್ಚಾತ್ಯ ದೇಶಗಳ ಮತಭೇದಗಳನ್ನು ಭಾರತದ ಸಭೆಗಳು ಹೊತ್ತು ತಿರುಗುವುದರ ಅಸಂಗತತೆಯನ್ನು ಎತ್ತಿ ತೋರಿಸಿದರು. ಅಲ್ಲಿ ಆರಂಭವಾದ ಮಾತುಕತೆ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯ ಸ್ಥಾಪನೆಯಲ್ಲಿ ಫಲಿಸಿತು. ದೇಶ ಸ್ವತಂತ್ರವಾಗಿ ಆಗ ಸುಮಾರು ಆರು ವಾರಗಳಷ್ಟೇ ಕಳೆದಿದ್ದವು. ಕನ್ನಡ ಸೀಮೆಯ ಬಾಸೆಲ್ ಮಿಷನ್ ಸಭೆಗಳೆಲ್ಲವೂ ಅಂದೇ ಈ ಐಕ್ಯಕ್ಕೆ ಸೇರಲಿಲ್ಲ. ಸಭಾಹಿರಿಯರ ಆಡಳಿತಕ್ಕೆ ಒಗ್ಗಿದ್ದ ಸಭಿಕರಿಗೆ ಬಿಷಪ್ ಪದವಿಯ ಬಗೆಗೆ ಅಳುಕಿತ್ತು. ಬಾಸೆಲ್ ಎಂಬ ಹೆಸರಿನೊಡನೆ ಭಾವನಾತ್ಮಕ ನಂಟೂ ಇತ್ತು. ಸೇರ್ಪಡೆಯು ಹಂತಹಂತವಾಗಿ ನಡೆಯಿತು. ಇಂದು ಮಂಗಳೂರನ್ನು ಕೇಂದ್ರವಾಗುಳ್ಳ ಕರ್ನಾಟಕ ದಕ್ಷಿಣ ಸಭಾಪ್ರಾಂತ ಹಾಗೂ ಧಾರವಾಡವನ್ನು ಕೇಂದ್ರವಾಗುಳ್ಳ ಕರ್ನಾಟಕ ಉತ್ತರ ಸಭಾಪ್ರಾಂತಗಳಲ್ಲಿ ಈ ಪರಂಪರೆ ಮುಂದುವರಿದಿದೆ. ಬೋಧಕರ ತರಬೇತಿಯಲ್ಲಿಯೂ ಐಕ್ಯ ಸಾಧಿತವಾಗಿ, ಬಾಸೆಲ್ ಮಿಷನ್ನಿನ ಹಳೆಯ ಸೆಮಿನರಿ ಮತ್ತು ತುಮಕೂರಿನ ಕನ್ನಡ ಸೆಮಿನರಿಗಳು ಕೂಡಿ 1965ರಲ್ಲಿ ಮಂಗಳೂರಿನ ಕರ್ನಾಟಕ ತಿಯಾಲಾಜಿಕಲ್ ಕಾಲೇಜು ರೂಪುಗೊಂಡಿತು.

ಇದೇ ಪರಿಸರದಿಂದ ಬಂದವರು ಡಾ. ಸ್ಟ್ಯಾನ್ಲಿ ಸಮರ್ಥ (1920-2001). ಕಾರ್ಕಳದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ವ್ಯಾಸಂಗ ಮಾಡಿ, ಮಂಗಳೂರಿನ ಸೆಮಿನರಿಯಲ್ಲಿ ಬೋಧಿಸಿದ ಅವರು ಜಿನ್ಹೇವಾದ ಜಾಗತಿಕ ಸಭೆಗಳ ಒಕ್ಕೂಟದಲ್ಲಿ ಅನ್ಯಧರ್ಮೀಯರೊಡನೆ ಸಂವಾದ ನಡೆಸುವ ವಿಭಾಗದ ಮೊದಲ ನಿರ್ದೇಶಕರಾಗಿ 1971ರಿಂದ 1980ರವರೆಗೆ ಕಾರ್ಯ ನಿರ್ವಹಿಸಿದರು. 1957ರಲ್ಲಿ ಪಿ. ಡಿ. ದೇವನಂದನ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಧರ್ಮ ಮತ್ತು ಸಮಾಜಗಳ ಅಧ್ಯಯನ ಸಂಸ್ಥೆಯೂ ಇದೇ ಚಿಂತನೆಯ ಇನ್ನೊಂದು ನೆಲೆ. ರಾಷ್ಟ್ರನಿರ್ಮಾಣದಲ್ಲಿ ಕ್ರೈಸ್ತರು ಇತರರೊಡನೆ ಸಹಭಾಗಿಗಳಾಗಬೇಕೆಂಬುದು ಅದರ ಆಶಯವಾಗಿತ್ತು. ನೆರೆಯವನು ಇನ್ನು ಪ್ರಸಂಗವನ್ನು ಕೇಳಬೇಕಾದವನಷ್ಟೇ ಅಲ್ಲ. ಅವನ ಮಾತನ್ನು ಸಭೆಯೂ ಕೇಳಬೇಕು ಎಂಬ ಸಮರ್ಥರ ಚಿಂತನೆಯ ಸಾರವು ತುಳುನಾಡಿನ ಬಹುಧರ್ಮೀಯ ಬದುಕಿನಿಂದ ಬಂದ ವ್ಯಕ್ತಿಯೊಬ್ಬರ ಅನುಭವದಲ್ಲಿ ಬೇರೂರಿದೆ ಎಂದು ಭಾವಿಸುವುದು ಅಸಂಗತವಾಗಲಾರದು.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಕನ್ನಡ ಸೀಮೆಯ ಬಾಸೆಲ್ ಮಿಷನ್ ಸಭೆಗಳು ತಮ್ಮ ಹುಟ್ಟಿನ ಸಂದರ್ಭದಿಂದಲೇ ಊರಿನಿಂದ ಬೇರ್ಪಟ್ಟವು. ಆ ಬೇರ್ಪಡಿಕೆಯಲ್ಲಿ ಊರಿನ ಬಹಿಷ್ಕಾರಕ್ಕೂ ಮಿಷನ್ನಿನ ನಿರ್ಬಂಧಕ್ಕೂ ಸಮಪಾಲಿದೆ. ಆವರಣವು ನಿರ್ಗತಿಕರಿಗೆ ಪ್ರಾಣಾಧಾರವಾಗಿತ್ತು, ಅಷ್ಟೇ ನಿಜವಾಗಿ ಅವರ ಸ್ವತಂತ್ರ ಬೆಳವಣಿಗೆಗೆ ಮಿತಿಯೂ ಆಗಿತ್ತು. ಬದಲಾವಣೆಯು ಸಭೆಯ ಮೇಲೆ ಬಹುತೇಕ ಹೊರಗಿನಿಂದ ಬಂದಿತು: ಸಾಮಾಜಿಕ ಸುಧಾರಣೆಯ ಚಳವಳಿಗಳು, ಮಹಾಯುದ್ಧ, ರಾಷ್ಟ್ರೀಯತೆ, ಸ್ವಾತಂತ್ರ್ಯ. ಆದರೆ ಅದನ್ನು ಅರಗಿಸಿಕೊಂಡು ಹೊಸ ಸಂಬಂಧವನ್ನು ಕಟ್ಟಿದವರು ಸಭೆಯ ಸಾಮಾನ್ಯರು. ಕಾಣಿಕೆ ಕೂಡಿಸಿದ ಹಿರಿಯರು, ಶಾಲಾ ಮಾಸ್ತರರು, ನರ್ಸುಗಳು, ಉಪದೇಶಿಗಳು, ಕಾರ್ಖಾನೆಯ ಕೆಲಸಗಾರರು ಇವರ ಹೆಸರುಗಳು ಮಿಷನ್ನಿನ ವರದಿಗಳಲ್ಲಿ ವಿರಳವಾಗಿ ಕಾಣಿಸುತ್ತವೆ. ಸಭೆಗಳ ದೀಕ್ಷಾಸ್ನಾನ ಮತ್ತು ವಿವಾಹ ದಾಖಲೆಗಳು, ಹಿರಿಯರ ಮಂಡಳಿಯ ನಡಾವಳಿಗಳು, ಕಾಣಿಕೆಯ ಲೆಕ್ಕಪತ್ರಗಳು ಇವರ ಚರಿತ್ರೆಗೆ ಮುಖ್ಯ ಆಕರಗಳು. ಬಲ್ಮಠದ ಪತ್ರಾಗಾರದಲ್ಲಿ ಮಿಷನ್ನಿನ ಪ್ರಕಟಣೆಗಳೂ ಕಾಗದಪತ್ರಗಳೂ ಸುರಕ್ಷಿತವಾಗಿವೆ. ಬಿಡಿ ಸಭೆಗಳ ದಾಖಲೆಗಳಿಗೆ ಅಂಥ ಆಸರೆ ಸುಲಭವಲ್ಲ. ಕರಾವಳಿಯ ತೇವದಲ್ಲಿ ಕಾಗದ ಬಹುಕಾಲ ಬಾಳುವುದಿಲ್ಲ. ಈ ಕಡತಗಳನ್ನು ಸಂಗ್ರಹಿಸಿ ಸಂರಕ್ಷಿಸುವ ಕೆಲಸ ತಡಮಾಡಲಾಗದಂಥದು.

ಕೊನೆಯದಾಗಿ ಒಂದು ಅಂಶ. ಶಾಲೆ ಮತ್ತು ಆಸ್ಪತ್ರೆಗಳ ಮೂಲಕ ಊರಿನೊಡನೆ ಬೆಸೆದುಕೊಂಡ ಸಭೆಯು ಕಾಲಾನಂತರದಲ್ಲಿ ಆ ಸಂಸ್ಥೆಗಳ ಒಡೆತನ ಮತ್ತು ಆಡಳಿತದಲ್ಲಿಯೇ ಮುಳುಗಿಹೋಗುವ ಅಪಾಯವೂ ಇದೆ. ಆಸ್ತಿಯನ್ನು ಕಾಯುವುದೇ ಮುಖ್ಯವಾದಾಗ ಸಂಸ್ಥೆಯ ಸುತ್ತ ಹಳೆಯ ಆವರಣದ ಗೋಡೆ ಮತ್ತೆ ಏಳುತ್ತದೆ. 1834ರಿಂದ ಮೊದಲ್ಗೊಂಡ ಈ ಚರಿತ್ರೆಯು ಸಭೆಗಳಿಗೆ ತಿಳಿಸುವ ಸಂಗತಿ ಇಷ್ಟೇ: ಪೋಷಕನ ನೆರಳು ಸರಿದ ಕಾಲದಲ್ಲಿ ಅವು ಅಳಿಯಲಿಲ್ಲ, ನೆರೆಹೊರೆಯವರ ಭಾಷೆ, ದುಡಿಮೆ, ನೋವುಗಳಲ್ಲಿ ಪಾಲುಗೊಂಡು ಊರಿನವೇ ಆದವು. ಅವುಗಳ ಅನುಭವವು ನಾಡಿನ ಸಾಮಾಜಿಕ ಚರಿತ್ರೆಯ ಅವಿಭಾಜ್ಯ ಭಾಗವೆಂದು ಪರಿಗಣಿತವಾಗಬೇಕು.